ಪ್ಲಮ್ ನದಿಯ ಸೇತುವೆ ದಾಟಿದ ಅಪರಾಧ

ಬ್ರಾಡಾಕ್ ಕೌಂಟಿ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಗಂಡನ ಜೀವ ಉಳಿಸಿದ ಹೆಂಗಸನ್ನು ಬರುವ ಗುರುವಾರ ನೀವು ಕಟಕಟೆಗೆ ಹತ್ತಿಸುತ್ತಿದ್ದೀರಿ. ಅವಳ ಹೆಸರು ಜೋಲೀನ್ ಪಾವ್ಲಿಕ್. ಹೊಟ್ಟೆಪಾಡಿಗೆ ಮಾರ್ಲೋ ಶಾಲೆಯ ಅಡುಗೆಮನೆ ನೋಡಿಕೊಳ್ಳುತ್ತಾಳೆ. ಸಂಬಳವಿಲ್ಲದೆ, ಕೇಳಿದವರಿಗೆಲ್ಲ, ಹಬ್ಬ ಹುಣ್ಣಿಮೆ ನೋಡದೆ ನಮ್ಮ ಕೌಂಟಿಯ ಆಂಬುಲೆನ್ಸ್ ಓಡಿಸುತ್ತಿದ್ದಳು. 'ಓಡಿಸುತ್ತಿದ್ದಳು' ಎಂದು ಬರೆಯಬೇಕಾಗಿ ಬಂದದ್ದು ನಿಮ್ಮ ಕೃಪೆ. ನೀವು ಬೀಗ ಜಡಿಸಿದ ಸೇತುವೆಯ ಸರಪಳಿ ಕತ್ತರಿಸಿ ಈಚೆ ದಂಡೆಗೆ ಬಂದಳೆಂಬ ಕಾರಣಕ್ಕೆ ಅವಳ ಕೈಯಿಂದ ಕೀಲಿ ಕಿತ್ತುಕೊಂಡಿರಿ. ಸರ್ಕಾರಿ ಸ್ವತ್ತಿಗೆ ಹಾನಿ, ನಿಷೇಧಿತ ಸ್ಥಳಕ್ಕೆ ಅಕ್ರಮ ಪ್ರವೇಶ ಎಂದು ಮೊಕದ್ದಮೆ ಹೂಡಿಸಿದಿರಿ. ಇಷ್ಟೆಲ್ಲ ಮಾಡಿ, ಅದೇ ತಿಂಗಳು ಕೌಂಟಿಯ ವಾರ್ಷಿಕೋತ್ಸವಕ್ಕೆಂದು ಹೊಳೆಯುವ ಕಾಗದದ ಪುಸ್ತಿಕೆಯೊಂದನ್ನು ಮನೆಮನೆಗೂ ಕಳಿಸಿದಿರಿ. ನಿಮ್ಮ ಧೈರ್ಯಕ್ಕೆ ಮೆಚ್ಚಿದೆ.

ಪುಸ್ತಿಕೆಯನ್ನು ನಾನು ಅಕ್ಷರ ಬಿಡದೆ ಓದಿದ್ದೇನೆ. ಇತಿಹಾಸ, ಭೂಗೋಳ, ಜನಸಂಖ್ಯೆ, ಆಡಳಿತ ಎಂದು ನಾಲ್ಕು ಅಧ್ಯಾಯ. ಪ್ರತಿಯೊಂದರಲ್ಲೂ ನೀವು ನಗುತ್ತಿರುವ ಚಿತ್ರ. ಉತ್ತರ ದಂಡೆಯವರಾದ ನಾವು ಎಲ್ಲಿದ್ದೇವೆ ಎಂದು ಹುಡುಕಿದೆ. ಇತಿಹಾಸದಲ್ಲಿ ಒಂದು ವಾಕ್ಯವಿದೆ: 'ಆಡಳಿತ ಕೇಂದ್ರವು ಲಿಪ್ನಿಕ್‌ನಿಂದ ಮಾರ್ಲೋಗೆ ಸ್ಥಳಾಂತರಗೊಂಡಿತು.' ಸ್ಥಳಾಂತರಗೊಂಡಿತಂತೆ! ಕಚೇರಿಗೆ ಕಾಲು ಮೂಡಿ ತಾನೇ ನದಿ ದಾಟಿ ನಡೆಯಿತೇ? ರೈಲು ಮಾರ್ಲೋದಲ್ಲಿ ನಿಲ್ಲುತ್ತದೆಂದು ಗೊತ್ತಾದ ವರ್ಷ, ಒಂದು ಭಾನುವಾರ ಬೆಳಗ್ಗೆ, ಲಿಪ್ನಿಕ್‌ನವರೆಲ್ಲ ಪೂಜೆಗೆಂದು ಚರ್ಚಿನಲ್ಲಿ ಮೊಣಕಾಲೂರಿದ್ದಾಗ, ನಿಮ್ಮ ಕಡೆಯ ಗಂಡಸರು ಬಂಡಿ ಹೂಡಿಕೊಂಡು ಬಂದು ಕಚೇರಿಯ ದಸ್ತಾವೇಜು, ಕುರ್ಚಿ, ತಿಜೋರಿ ಎಲ್ಲವನ್ನೂ ಹೇರಿಕೊಂಡು ಹೋದರು. ಇನ್ನೂ ಬಿಸಿಯಿದ್ದ ಒಲೆಯನ್ನೂ ಬಿಡಲಿಲ್ಲ. ನನ್ನ ಗಂಡನ ಮುತ್ತಜ್ಜ ಆ ಚರ್ಚಿನಲ್ಲಿದ್ದ. ಈ ಕಥೆಯನ್ನು ನಮ್ಮ ಮನೆಗಳಲ್ಲಿ ನಗುತ್ತಲೇ ಹೇಳುತ್ತಾ ಬಂದೆವು. ಈಗ ನಗು ಬರುವುದಿಲ್ಲ.

ಭೂಗೋಳದಲ್ಲಿ ನೀವು ಬರೆಸಿರುವುದು 'ಸುಂದರ ಪ್ಲಮ್ ನದಿಯು ಕೌಂಟಿಯ ನಡುವೆ ಹರಿಯುತ್ತದೆ' ಎಂದು. ಸುಂದರವೇ, ಒಪ್ಪಿದೆ. ಅದರ ದಕ್ಷಿಣಕ್ಕೆ ಕಪ್ಪು ಮಣ್ಣು, ಮುಸುಕಿನ ಜೋಳ, ಆಸ್ಪತ್ರೆ, ಶಾಲೆ, ನಿಮ್ಮ ಕಚೇರಿ, ನೀವು. ಉತ್ತರಕ್ಕೆ ಮರಳು ದಿಬ್ಬ, ಹುಲ್ಲು, ಗಾಳಿ, ನಾವು. ಎರಡನ್ನೂ ಕೂಡಿಸುವುದು ಒಂದೇ ಒಂದು ಸೇತುವೆ. ಅದು ಮುಚ್ಚಿದರೆ ಪಕ್ಕದ ಕೌಂಟಿಯ ಸೇತುವೆಯವರೆಗೆ ಹೋಗಿ ಸುತ್ತಿ ಬರಬೇಕು. ಐವತ್ತು ಮೈಲಿಗೂ ಮೇಲೆ, ಅದರಲ್ಲಿ ಅರ್ಧ ಜಲ್ಲಿಕಲ್ಲಿನ ರಸ್ತೆ. ಪುಸ್ತಿಕೆಯ ನಕ್ಷೆಯಲ್ಲಿ ಸೇತುವೆ ಇನ್ನೂ ತೆರೆದೇ ಇದೆ. ಯಾವ ಕೌಂಟಿಯ ನಕ್ಷೆ ಮಾಡಿಸಿದಿರಿ, ಸ್ವಾಮಿ?

ಜನಸಂಖ್ಯೆಯ ಅಧ್ಯಾಯ ಇನ್ನೂ ಚೆನ್ನ. 'ಉತ್ತರ ಭಾಗದಲ್ಲಿ ಜನವಸತಿ ವಿರಳ.' ಈ ವಿರಳ ಎಂಬ ಪದದ ಅರ್ಥ ಕಳೆದ ಶರತ್ಕಾಲದ ಮಂಡಳಿಯ ಸಭೆಯಲ್ಲಿ ನಿಮ್ಮ ಬಾಯಿಂದಲೇ ಕೇಳಿದ್ದೆವು. ಸೇತುವೆ ಪರೀಕ್ಷಿಸಿದ ಇಂಜಿನಿಯರರು ಅಂದು ಎದುರಿಗೇ ಕೂತಿದ್ದರು. ನಮ್ಮ ನೆರೆಯವನಾದ ಹಾರ್ಲನ್ ಷ್ಟಾಸ್ಟ್ನಿ ಎದ್ದು ನಿಂತ. ನೀವು ಅವನನ್ನು ಬಲ್ಲಿರಿ. ಈ ಕೌಂಟಿಯಲ್ಲಿ ಹಾರ್ಲನ್ ಅಕಾರ್ಡಿಯನ್ ಬಾರಿಸದೆ ಮದುವೆಯಾದವರು ಕಡಿಮೆ. ನಿಮ್ಮ ಮದುವೆಗೂ ಬಾರಿಸಿದ್ದ.

"ಇಂಜಿನಿಯರ್ರೇ, ನಮ್ಮಂಥವರಿಗೆ ಅರ್ಥ ಆಗೋ ಹಾಗೆ ಹೇಳಿ. ಅದರ ಮೇಲೆ ಏನು ಹೋಗ್ಬಹುದು, ಏನು ಹೋಗ್ಬಾರ್ದು?" ಎಂದು ಕೇಳಿದ.

"ಕಾರು, ಪಿಕಪ್ಪು, ಆಂಬುಲೆನ್ಸು ಹೋಗ್ಬಹುದು. ಜೋಳದ ಲಾರಿ ಮಾತ್ರ ಬೇಡ," ಎಂದರು ಇಂಜಿನಿಯರರು.

ಆಗ ನೀವು ಬಾಯಿ ಹಾಕಿದಿರಿ. "ಒಂದನ್ನ ಬಿಟ್ರೆ ಇನ್ನೊಂದು ನುಗ್ಗುತ್ತೆ, ಹಾರ್ಲನ್. ಅಲ್ಲಿ ಕಾಯೋಕೆ ಯಾರನ್ನ ಕೂರಿಸ್ಲಿ? ಪೂರ್ತಿ ಮುಚ್ಚಿಬಿಟ್ರೆ ತಲೆನೋವೇ ಇಲ್ಲ."

"ಯಾರ ತಲೆನೋವು?"

"ನೋಡಪ್ಪಾ, ಆ ಕಡೆ ಜನಕ್ಕಿಂತ ದನಾನೇ ಹೆಚ್ಚು. ದನಕ್ಕೇನು ಆಂಬುಲೆನ್ಸ್ ಬೇಕಾ?"

ಮಂಡಳಿಯವರೆಲ್ಲ ನಕ್ಕರು. ಹಾರ್ಲನ್ ಅವರ ನಗು ಮುಗಿಯುವವರೆಗೂ ಟೋಪಿ ಕೈಯಲ್ಲಿ ಹಿಡಿದು ಕಾದ.

"ಬೇಡ ಅಧ್ಯಕ್ಷರೇ. ದನಕ್ಕೆ ಹುಷಾರಿಲ್ಲ ಅಂದ್ರೆ ಡಾಕ್ಟ್ರು ಮನೆ ಬಾಗಿಲಿಗೇ ಬರ್ತಾರೆ. ನಮಗೇ ಆ ಭಾಗ್ಯ ಇಲ್ದೇ ಇರೋದು."

ಅದಕ್ಕೆ ಯಾರೂ ನಗಲಿಲ್ಲ. ಮರುವಾರವೇ ಸೇತುವೆಯ ಎರಡೂ ತುದಿಗೆ ಎತ್ತರದ ಕಬ್ಬಿಣದ ಗೇಟು ಬಂತು, ಸರಪಳಿ ಬಂತು, ಬೀಗ ಬಂತು. ನಡೆದುಕೊಂಡೂ ದಾಟಬಾರದೆಂದು ಫಲಕ ಬಂತು. ತಾತ್ಕಾಲಿಕ ಎಂದಿರಿ. ಆ ಋತುವಿನಲ್ಲಿ ನಿಮ್ಮ ಕಡೆಯ ಗಾಲ್ಫ್ ಮೈದಾನದ ರಸ್ತೆಗೆ ಹೊಸ ಡಾಂಬರು ಬಿತ್ತು. ಅದು ಶಾಶ್ವತ.

ಇನ್ನು ಆಡಳಿತದ ಅಧ್ಯಾಯ. 'ಪ್ರತಿಯೊಬ್ಬ ನಿವಾಸಿಯ ಸುರಕ್ಷತೆಯೇ ಮಂಡಳಿಯ ಮೊದಲ ಆದ್ಯತೆ' ಎಂದು ನಿಮ್ಮ ಸಹಿಯ ಮೇಲೆ ಅಚ್ಚಾಗಿದೆ. ಆ ಸುರಕ್ಷತೆ ನಮ್ಮ ಮನೆಯಂಗಳದಲ್ಲಿ ಹೇಗೆ ಕಂಡಿತು ಎಂದು ಹೇಳುತ್ತೇನೆ, ಕೇಳಿ.

ಮಾರ್ಚ್ ತಿಂಗಳು, ನಮ್ಮಲ್ಲಿ ಹಸುಗಳು ಕರು ಹಾಕುವ ಕಾಲ. ಈದ ಹಸುವಿನ ಹತ್ತಿರ ಒಬ್ಬರೇ ಹೋಗಬೇಡಿ ಎಂದು ಇಡೀ ಜನ್ಮ ಊರಿಗೆಲ್ಲ ಬುದ್ಧಿ ಹೇಳಿದ ನನ್ನ ಗಂಡ ಮಿಲೋ, ಅಂದು ಒಬ್ಬನೇ ಹೋದ. ಹಸು ಅವನನ್ನು ಹಾಯ್ದು ದೊಡ್ಡಿಯ ಕಂಬಿಗೆ ಒತ್ತಿ ಅರೆಯಿತು. ನಾನು ಕೂಗು ಕೇಳಿ ಓಡಿ, ಸಲಿಕೆಯಿಂದ ಹೊಡೆದು ಅದನ್ನು ಅಟ್ಟಿ, ಇವನನ್ನು ಕಂಬಿಯ ಈಚೆಗೆ ಎಳೆದುಕೊಂಡೆ. ಆಂಬುಲೆನ್ಸಿಗೆ ಫೋನು ಮಾಡಿದರೆ ಎತ್ತಿದವಳು ಜೋಲೀನ್.

"ಲೊರೇನ್, ಉಸಿರು ಹೇಗಿದೆ?"

"ಸೀಟಿ ಹೊಡ್ದ ಹಾಗೆ ಬರ್ತಿದೆ. ತುಟಿ ನೀಲಿ ಆಗ್ತಿದೆ ಕಣೇ."

"ಮಲಗಿಸ್ಬೇಡಿ. ಒರಗಿಸಿ ಕೂರಿಸಿ, ಮಾತಾಡಿಸ್ತಾ ಇರಿ. ನಾನು ಹೊರಟೆ."

"ಸೇತುವೆ ಮುಚ್ಚಿದೆಯಲ್ಲೇ."

"ಗೊತ್ತು. ಬರ್ತಿದೀನಿ ಅಂದ್ನಲ್ಲ."

ಮಾತಾಡಿಸು ಅಂದಿದ್ದಳಲ್ಲ, ಮಾತಾಡಿಸಿದೆ. ಇವನು ಕೇಳಿದ್ದು ಒಂದೇ: "ಹಸು ಹೇಗಿದೆ?"

"ಚೆನ್ನಾಗಿದೆ, ದರಿದ್ರದ್ದು. ನಾಳೇನೇ ಮಾರ್ತೀನಿ."

"ಮಾರ್ಬೇಡ. ಒಳ್ಳೆ ತಾಯಿ ಅದು."

ಅಷ್ಟು ಹೊತ್ತಿಗೆ ನಾನು ಹಾರ್ಲನ್‌ಗೂ ಹೇಳಿದ್ದೆ. ಅವನು ಟ್ರ್ಯಾಕ್ಟರ್ ತೆಗೆದುಕೊಂಡು ನೇರ ಸೇತುವೆಗೆ ಹೋಗಿ, ನಮ್ಮ ತುದಿಯ ಗೇಟಿಗೆ ಸರಪಳಿ ಕಟ್ಟಿ ಬೇರುಸಮೇತ ಕಿತ್ತ. ಆಚೆ ತುದಿಯಲ್ಲಿ ಜೋಲೀನ್ ಆಂಬುಲೆನ್ಸಿನಲ್ಲಿದ್ದ ದೊಡ್ಡ ಕತ್ತರಿ ಹಿಡಿದು ನಿಮ್ಮ ಬೀಗದ ಸರಪಳಿ ತುಂಡರಿಸಿದಳು. ಒಂದೇ ಸೇತುವೆಯ ಎರಡು ತುದಿಯಲ್ಲಿ ಇಬ್ಬರು ಕಾನೂನು ಮುರಿದರು, ನನ್ನ ಗಂಡ ಬದುಕಿದ. ಒಡೆದ ಪಕ್ಕೆಲುಬು ಶ್ವಾಸಕೋಶವನ್ನು ಚುಚ್ಚಿತ್ತು. ಸುತ್ತಿ ಬಂದಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ ಹೇಳಿದರು. ಆಂಬುಲೆನ್ಸ್ ಆ ಸೇತುವೆಯನ್ನು ಬರುವಾಗ ದಾಟಿತು, ಮಿಲೋನನ್ನು ಹೊತ್ತು ಹೋಗುವಾಗಲೂ ದಾಟಿತು. ಒಂದು ಹಲಗೆಯೂ ಬೀಳಲಿಲ್ಲ.

ನಾಲ್ಕು ದಿನ ಕಳೆಯುವುದರೊಳಗೆ ಶೆರಿಫ್ ಕಚೇರಿಯ ಪೊಲೀಸರು ಜೋಲೀನಳ ಅಡುಗೆಮನೆಗೇ ಬಂದು, ಮಕ್ಕಳು ಊಟಕ್ಕೆ ಸಾಲು ನಿಂತಿರುವಾಗ ಅವಳ ಕೈಗೆ ಸಮನ್ಸು ಕೊಟ್ಟರು. ಹಾರ್ಲನ್‌ಗೂ ಕೊಟ್ಟರು. ಅದು ಸಾಲದೆಂಬಂತೆ ಜೋಲೀನಳನ್ನು ಆಂಬುಲೆನ್ಸಿನಿಂದ ತೆಗೆದಿರಿ. ಆಕೆಯ ಜಾಗಕ್ಕೆ ಬಂದವನಿಗೆ ಅಪ್ಪಣೆ ಸ್ಪಷ್ಟವಾಗಿತ್ತು: ಏನೇ ಆಗಲಿ, ಸುತ್ತಿಯೇ ಹೋಗಬೇಕು. ಗೇಟುಗಳನ್ನು ಮತ್ತೆ ನೆಡಿಸಿದಿರಿ, ಈ ಸಲ ಕಾಂಕ್ರೀಟು ಹಾಕಿ. ಸೇತುವೆ ರಿಪೇರಿಗೆ ಇಲ್ಲದ ಕಾಂಕ್ರೀಟು ಗೇಟಿಗೆ ಎಲ್ಲಿಂದ ಬಂತು?

ಮೇ ತಿಂಗಳಲ್ಲಿ ನೀವು ಬಿತ್ತಿದ್ದು ಬೆಳೆಯಿತು. ಮಿಲೋ ಇನ್ನೂ ಕೈಯಲ್ಲಿ ಭಾರ ಎತ್ತುವಂತಿರಲಿಲ್ಲ. ಹಾರ್ಲನ್ ದಿನಾ ಬಂದು ನಮ್ಮ ದನಗಳಿಗೆ ಮೇವು ಹಾಕಿ, ಆಮೇಲೆ ನಮ್ಮ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದ. ಅಂದು ಬಟ್ಟಲು ಕೆಳಗಿಟ್ಟು ಎದೆ ಹಿಡಿದುಕೊಂಡ. ಮುಖವೆಲ್ಲ ಬೆವರು. ನಾನು ಫೋನು ಮಾಡಿದೆ. ಸೇತುವೆಯವರೆಗಾದರೂ ಒಯ್ಯೋಣವೆಂದರೆ, ಅವನದು ಬಾಗಿಲು ತುಂಬುವ ದೇಹ. ನಾನೂ ಮಿಲೋನೂ ಸೇರಿ ಕುರ್ಚಿಯಿಂದ ನೆಲಕ್ಕೆ ಇಳಿಸುವುದರಲ್ಲೇ ಸೋತೆವು.

ನಮ್ಮ ಮನೆಯಿಂದ ಸೇತುವೆ ಕೂಗಳತೆಯ ದೂರ. ಸೈರನ್ ಕೇಳಿಸಿತು, ಅಧ್ಯಕ್ಷರೇ. ಮಾರ್ಲೋ ಕಡೆಯಿಂದ ಬರಬರುತ್ತಾ ಜೋರಾಯಿತು, ನದಿಯ ಆಚೆ ದಂಡೆಗೇ ಬಂತು. ಪಾಪ, ಆ ಹೊಸ ಚಾಲಕ ಗೇಟು ತೆರೆದಿದ್ದರೂ ಇರಬಹುದು ಎಂಬ ಆಸೆಯಿಂದ ಬಂದು ನೋಡಿದ್ದ. ಸ್ವಲ್ಪ ಹೊತ್ತು ಅಲ್ಲೇ ನಿಂತು ಕೂಗಿತು. ಆಮೇಲೆ ತಿರುಗಿತು. ದೂರವಾಗುತ್ತಾ ಹೋಯಿತು.

ಹಾರ್ಲನ್ ಕಣ್ಣು ಮುಚ್ಚಿಯೇ ಕೇಳಿಸಿಕೊಂಡ. "ವಾಪಸ್ ಹೋಗ್ತಿದೆ, ಲೊರೇನ್."

"ಸುತ್ತಿ ಬರುತ್ತೆ. ನೀನು ಮಾತಾಡ್ಬೇಡ, ಸುಮ್ನಿರು."

"ಹೋಗ್ಲಿ ಬಿಡು. ನಿನ್ನ ಕಾಫಿ ಆರ್ತಿದೆ, ಕುಡಿ."

ಅವನು ಆಡಿದ ಕೊನೆಯ ಮಾತು ಅದು. ನಾನು ಅವನ ಎದೆ ಒತ್ತುತ್ತಾ ಕೂತೆ. ಕೈ ಸೋತಾಗ, ಡಾಕ್ಟರು ಬೇಡವೆಂದಿದ್ದರೂ ಮಿಲೋ ಒತ್ತಿದ. ಮತ್ತೆ ನಾನು. ಸೈರನ್ ನಮ್ಮ ಉತ್ತರದ ದಿಬ್ಬ ಹತ್ತಿ ಇಳಿದು ಅಂಗಳಕ್ಕೆ ಬರುವ ಹೊತ್ತಿಗೆ ಹಾರ್ಲನ್ ತಣ್ಣಗಾಗಿದ್ದ. ಆ ಚಾಲಕ ಬಾಗಿಲಲ್ಲಿ ನಿಂತು ಅತ್ತ. "ನಾನು ಆ ಗೇಟಿನ ಹತ್ರಾನೇ ಇದ್ದೆ, ಲೊರೇನ್. ನಿಮ್ಮ ಮನೆ ಕಾಣ್ತಿತ್ತು." ಅವನನ್ನು ನಾನು ಬೈಯಲಿಲ್ಲ. ಬೈಗುಳವನ್ನೆಲ್ಲ ನಿಮಗೆಂದು ಉಳಿಸಿಕೊಂಡೆ.

ಹಾರ್ಲನ್ ಸತ್ತ ಮೇಲೆ ಅವನ ಮೇಲಿನ ಮೊಕದ್ದಮೆಯನ್ನು ಕೈಬಿಟ್ಟಿದ್ದೀರಿ. ಉತ್ತರ ದಂಡೆಯವರಿಗೆ ಈ ಮಂಡಳಿ ತೋರಿದ ಕರುಣೆ ಅದೊಂದೇ. ಅದನ್ನು ಪಡೆಯಲು ಏನು ಅರ್ಹತೆ ಬೇಕೆಂಬುದೂ ನಮಗೆ ತಿಳಿದಂತಾಯಿತು.

ಲಿಪ್ನಿಕ್‌ನ ಚರ್ಚು ಮುಚ್ಚಿ ವರ್ಷಗಳಾದವು. ಪಾದ್ರಿ ಇರುವುದು ಮಾರ್ಲೋದಲ್ಲಿ. ನಮ್ಮ ಸ್ಮಶಾನ ಮಾತ್ರ ಇನ್ನೂ ಈಚೆ ದಂಡೆಯಲ್ಲಿದೆ. ಮಾರ್ಲೋದಲ್ಲಿ ಹಾರ್ಲನ್‌ನ ಅಂತ್ಯಪ್ರಾರ್ಥನೆ ಮುಗಿದು, ಶವದ ವಾಹನ ಸುತ್ತಿಕೊಂಡು ಹೋಗಲು ಸಿದ್ಧವಾಗಿತ್ತು. ಹಾರ್ಲನ್‌ನ ಅಕ್ಕ ಅಗ್ನೆಸ್, ಊರುಗೋಲಿಲ್ಲದೆ ನಿಲ್ಲಲಾರದವಳು, ವಾಹನದ ಮುಂದೆ ಹೋಗಿ ನಿಂತಳು. "ನನ್ನ ತಮ್ಮ ಇನ್ನು ಸುತ್ತೋದಿಲ್ಲ. ಇಳಿಸ್ರೋ." ಎಂಟು ಜನ ಹೆಗಲು ಕೊಟ್ಟರು. ಚರ್ಚಿನಿಂದ ಸೇತುವೆಯವರೆಗೆ ಮೆರವಣಿಗೆ ಬೆಳೆಯುತ್ತಲೇ ಹೋಯಿತು. ನಿಮ್ಮ ಮಾರ್ಲೋದವರೇ ಅಂಗಡಿ ಬಾಗಿಲು ಹಾಕಿ ಬಂದು ಸೇರಿಕೊಂಡರು. ಪುಸ್ತಿಕೆಯ ಪ್ರಕಾರ ವಿರಳವಾಗಿರುವ ನಮಗಿಂತ ಅಂದು ಅವರೇ ಹೆಚ್ಚಿದ್ದರು.

ಗೇಟಿನ ಮುಂದೆ, ಮೆರವಣಿಗೆಯ ಸುದ್ದಿ ತಿಳಿದು ನೀವು ಅವಸರದಲ್ಲಿ ನಿಲ್ಲಿಸಿದ್ದ ಉಪ ಶೆರಿಫ್ ಇದ್ದ.

"ಬೀಗ ತೆಗೀತೀಯಾ, ಇಲ್ಲಾ ಗೇಟಿನ ಮೇಲಿಂದ ಎತ್ತಿ ದಾಟಿಸ್ಬೇಕಾ?" ಎಂದಳು ಅಗ್ನೆಸ್.

"ಅಗ್ನೆಸ್, ನಂಗೆ ಆರ್ಡರ್ ಇದೆ. ದಯವಿಟ್ಟು..."

"ಆರ್ಡರ್ ಇರ್ಲಿ. ನಿನ್ನ ಮದುವೇಲಿ ಬೆಳಗಾಗೋವರೆಗೂ ಬಾರಿಸಿ ಬೆರಳು ಬಾತುಹೋಗಿತ್ತು ಅವನಿಗೆ. ಅದಕ್ಕೆ ಯಾರು ಆರ್ಡರ್ ಕೊಟ್ಟಿದ್ರು?"

ಆ ಮನುಷ್ಯ ಟೋಪಿ ತೆಗೆದ. ಬೀಗ ತೆಗೆದ. ಆಮೇಲೆ ಹೊರುವವರಲ್ಲಿ ತೀರ ವಯಸ್ಸಾದ ಒಬ್ಬರನ್ನು ಪಕ್ಕಕ್ಕೆ ಸರಿಸಿ ತಾನೇ ಹೆಗಲು ಕೊಟ್ಟ. ಆಚೆ ತುದಿಯ ಬೀಗವನ್ನೂ ಅವನೇ ತೆಗೆದದ್ದು. ಅವನ ಮೇಲೂ ಈಗ ಶಿಸ್ತುಕ್ರಮ ಎಂದು ಕೇಳಿದ್ದೇನೆ. ಜೋಲೀನ್ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದಳು, ಮುಂದೆ ಬಂದರೆ ನಮಗೆಲ್ಲ ತೊಂದರೆಯಾದೀತೆಂದು. ಅಗ್ನೆಸ್ ಅವಳನ್ನು ಕರೆಸಿ, ತೋಳು ಹಿಡಿದುಕೊಂಡು, ಪೆಟ್ಟಿಗೆಯ ಮುಂದೆ ನಡೆಸಿದಳು. ಸೇತುವೆಯ ಮೇಲೆ ಅಷ್ಟು ಜನ ಒಟ್ಟಿಗೆ ನಡೆದದ್ದನ್ನು ನಾನು ನನ್ನ ಜೀವಮಾನದಲ್ಲಿ ನೋಡಿಲ್ಲ. ಅಪಾಯಕಾರಿ ಎಂದು ನೀವು ಸಾರಿದ ಸೇತುವೆ ಅಲುಗಲಿಲ್ಲ. ಮರುದಿನ ಬೆಳಗ್ಗೆ ಮತ್ತೆ ಬೀಗ ಬಿದ್ದಿತ್ತು.

ನಿಮ್ಮನ್ನು ಕೇಳುವುದಿಷ್ಟೇ. ಯಾರನ್ನು ಕಾಪಾಡುತ್ತಿದೆ ಈ ಗೇಟು? ಸೇತುವೆ ಮುರಿದು ಯಾರೂ ಸತ್ತಿಲ್ಲ. ಸೇತುವೆ ಮುಚ್ಚಿದ್ದರಿಂದ ಒಬ್ಬ ಸತ್ತ. ಯಾವುದನ್ನು ಸುರಕ್ಷತೆ ಎನ್ನುತ್ತೀರಿ? ಇಂಜಿನಿಯರರು ಹೋಗಬಹುದೆಂದ ಆಂಬುಲೆನ್ಸನ್ನು ತಡೆಯುವ ಅಧಿಕಾರವನ್ನು ನಿಮಗೆ ಮತ ಕೊಟ್ಟವರಲ್ಲಿ ಯಾರು ಕೊಟ್ಟರು? ಕಾವಲಿಗೆ ಜನವಿಲ್ಲವೆಂದು ಮುಚ್ಚಿದ ಸೇತುವೆಗೆ, ಹೆಣ ತಡೆಯಲು ಮಾತ್ರ ಕಾವಲಿನವನು ಸಿಕ್ಕಿದನೇ?

ಗುರುವಾರದೊಳಗೆ ಜೋಲೀನ್ ಪಾವ್ಲಿಕ್ ಮೇಲಿನ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಿ. ಆಂಬುಲೆನ್ಸಿನ ಕೀಲಿಯನ್ನು ನೀವೇ ಹೋಗಿ ಅವಳ ಕೈಗೆ ಕೊಡಿ, ಮಕ್ಕಳು ಊಟಕ್ಕೆ ಸಾಲು ನಿಂತಿರುವ ಹೊತ್ತಿನಲ್ಲೇ. ಲಾರಿ ತಡೆಯುವ ಕಂಬ ನೆಟ್ಟು ಸೇತುವೆಯನ್ನು ಹಗುರ ವಾಹನಗಳಿಗೆ ತೆರೆಯಿರಿ. ಆ ಉಪ ಶೆರಿಫ್‌ನನ್ನು ಅವನ ಪಾಡಿಗೆ ಬಿಡಿ. ಇದಾಗದಿದ್ದರೆ, ಕಾನೂನು ಎಲ್ಲರಿಗೂ ಒಂದೇ ಎಂದು ನಂಬುವ ನೀವು ನಮ್ಮೆಲ್ಲರ ಮೇಲೂ ಅದೇ ಮೊಕದ್ದಮೆ ಹೂಡಬೇಕಾಗುತ್ತದೆ: ಪೆಟ್ಟಿಗೆ ಹೊತ್ತವರ ಮೇಲೆ, ಊರುಗೋಲಿನ ಅಗ್ನೆಸ್ ಮೇಲೆ, ಪ್ರಾರ್ಥನೆ ಹೇಳುತ್ತಾ ಬಂದ ಪಾದ್ರಿಯ ಮೇಲೆ, ಅಂಗಡಿ ಮುಚ್ಚಿ ಬಂದ ನಿಮ್ಮ ಮಾರ್ಲೋದವರ ಮೇಲೆ, ನನ್ನ ಮೇಲೆ. ಹಾರ್ಲನ್ ಮೇಲೆ ಕೈಬಿಟ್ಟದ್ದನ್ನೂ ಮತ್ತೆ ಹಾಕಿ. ಅಂದು ಗೇಟು ಕಿತ್ತವನು ಈಗ ಅಪ್ಪಣೆಯಿಲ್ಲದೆ ದಾಟಿಯೂ ಇದ್ದಾನೆ.

ಗುರುವಾರ ನಾವೆಲ್ಲ ನ್ಯಾಯಾಲಯದಲ್ಲಿರುತ್ತೇವೆ. ಅದಕ್ಕೂ ಮೊದಲೇ ಹಿಡಿಯಬೇಕೆನಿಸಿದರೆ ನಿಮ್ಮವರನ್ನು ಕಳಿಸಬಹುದು. ಬೇಗ ಹೊರಡಲು ಹೇಳಿ, ಸುತ್ತಿ ಬರಬೇಕಲ್ಲ.

ಇಂತಿ,
ಗಂಡನನ್ನು ಉಳಿಸಿಕೊಂಡು ನೆರೆಯವನನ್ನು ಕಳೆದುಕೊಂಡ,
ಆರೋಪಪಟ್ಟಿಯಲ್ಲಿ ತನ್ನ ಹೆಸರಿಗೆ ಕಾಯುತ್ತಿರುವ,
ಲೊರೇನ್ ಕುಚೇರಾ
ಉತ್ತರ ದಂಡೆ, ಲಿಪ್ನಿಕ್