ಆಚೆದಡದ ಅರವತ್ತು ಮಂದಿ

ಮಾರ್ಚ್ ೪, ಸೋಮವಾರ

ಬೆಳಿಗ್ಗೆಯೇ ಮೂರು ಫೋನು. ಮೇಪಲ್ ಬೀದಿಯ ಗುಂಡಿ, ಲೈಬ್ರರಿಯ ಹೀಟರ್, ಮತ್ತೆ ಮೇಪಲ್ ಬೀದಿಯ ಅದೇ ಗುಂಡಿ. ಪೋರ್ಟ್ ವೆಲ್ಡನ್ನಿಗೆ ಮೇಯರ್ ಅಂದರೆ ಗುಂಡಿಗಳ ಗುಮಾಸ್ತೆ. ಕಾಫಿ ಆರಿಹೋಯಿತು.

ಹತ್ತರ ಹೊತ್ತಿಗೆ ಇಬ್ಬರು ಎಂಜಿನಿಯರುಗಳು ಬಂದರು. ದೋಣಿಯಲ್ಲಿ ಸೇತುವೆಯ ಕೆಳಗೆ ಹೋಗಿ ನೋಡಿ ಬಂದು, ಎರಡು ತುದಿಗೂ ಕಿತ್ತಳೆ ಬಣ್ಣದ ಪೀಪಾಯಿ ಇಟ್ಟರು. ನಡುವಿನ ಕಂಬ ಬಿರುಕು ಬಿಟ್ಟಿದೆಯಂತೆ. ಎಷ್ಟು ದಿನ ಎಂದು ಕೇಳಿದೆ. ಹಿರಿಯವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ದಿನದ ಲೆಕ್ಕ ಇಲ್ಲ ಮೇಡಂ. ಮುಚ್ಚಿದ್ದೀವಿ, ಅಷ್ಟೆ."

ಊರಿಗೆ ಇರುವುದು ಅದೊಂದೇ ಸೇತುವೆ. ಊರೆಲ್ಲ ಈಚೆ, ಒಂದು ತುಂಡು ಮಾತ್ರ ವಬಾಶ್ ನದಿಯ ಆಚೆ. ಮುತ್ತಜ್ಜನ ಕಾಲದ ನೆರೆಯಲ್ಲಿ ನದಿ ದಾರಿ ಬದಲಿಸಿ ಆ ತುಂಡನ್ನು ಅತ್ತ ಬಿಟ್ಟಿತು. ನದಿ ಸರಿಯಿತು, ಊರಿನ ಗಡಿ ಸರಿಯಲಿಲ್ಲ. ಅವತ್ತೇ ಯಾರಾದರೂ ನಕ್ಷೆ ತಿದ್ದಿದ್ದರೆ ಇವತ್ತು ನನಗೆ ತಲೆನೋವಿರುತ್ತಿರಲಿಲ್ಲ. ಆಚೆದಡದಲ್ಲಿ ಅರವತ್ತು ಚಿಲ್ಲರೆ ಜನ. ಇನ್ನು ಅವರು ಇಲ್ಲಿಗೆ ಬರಬೇಕಾದರೆ ಪಕ್ಕದ ಊರು ಹಾರ್ಮನ್‌ವಿಲ್ಲಿನ ಸೇತುವೆ ಸುತ್ತಬೇಕು. ಮುಕ್ಕಾಲು ಗಂಟೆ.

ಅವರಲ್ಲಿ ಒಬ್ಬಳು ನನ್ನ ಅಕ್ಕ. ಇನ್ನೂ ಫೋನ್ ಮಾಡಿಲ್ಲ. ಮಾಡುತ್ತಾಳೆ.

ಮಾರ್ಚ್ ೬

ಮಾಡಿದಳು.

"ಮೇಯರಮ್ಮನವರ ಹತ್ರ ಮಾತಾಡಬಹುದಾ?"

"ಹೇಳು ಆರ್ಡಿತ್."

"ಹಿಮ ಮೊಣಕಾಲಿಗೆ ಬಂದಿದೆ. ನಿಮ್ಮ ಹಿಮ ತಳ್ಳೋ ಲಾರಿ ಎಲ್ಲಿ?"

"ಸುತ್ತಿ ಬರ್ತಾ ಇದೆ."

"ಅದು ಸುತ್ತಿ ಬರೋ ಹೊತ್ತಿಗೆ ಹಿಮ ತಾನೇ ಕರಗಿರುತ್ತೆ. ನಾವು ಕಟ್ಟೋ ಟ್ಯಾಕ್ಸ್ ಮಾತ್ರ ನೆಟ್ಟಗೆ ಬಂದು ನಿಮ್ಮ ಕೈ ಸೇರುತ್ತೆ ನೋಡು. ಅದಕ್ಕೆ ಸೇತುವೆ ಬೇಕಿಲ್ಲ."

ಪಕ್ಕದ ಮನೆಯ ಎಮೆಟ್ ಅವಳ ಮೆಟ್ಟಿಲ ಹಿಮ ತೆಗೆದುಕೊಟ್ಟನಂತೆ. ಎಂಬತ್ತು ದಾಟಿದವನು. ನಾವು ಚಿಕ್ಕವರಿದ್ದಾಗ ಸ್ಕೂಲ್ ಬಸ್ ಓಡಿಸುತ್ತಿದ್ದವನು. ಅವನ ಕೈಯಲ್ಲಿ ಸಲಿಕೆ ಕೊಟ್ಟ ಊರು ಎಂಥದ್ದು ಎಂದು ಕೇಳಿ ಫೋನ್ ಇಟ್ಟಳು.

ಮಾರ್ಚ್ ೨೦

ರಾಜ್ಯದ ರಾಜಧಾನಿಗೆ ಹೋಗಿ ಬಂದೆ. ಹೊಸ ಸೇತುವೆ ಕೇಳಲು. ಎದುರು ಕೂತ ಅಧಿಕಾರಿ ನನ್ನ ಮಗನ ವಯಸ್ಸಿನವನು, ತುಂಬಾ ಮರ್ಯಾದೆಯವನು. ಮರ್ಯಾದೆಯವರ ಮೇಲೆ ಕೂಗಾಡಲೂ ಆಗುವುದಿಲ್ಲ.

"ಅರವತ್ತು ಜನಕ್ಕೆ ಸೇತುವೆ ಕಟ್ಟೋ ದುಡ್ಡಲ್ಲಿ ಅವರಿಗೆಲ್ಲ ಈಚೆ ಒಂದೊಂದು ಮನೆ ಕಟ್ಟಿಕೊಡಬಹುದು ಮೇಡಂ. ಆಮೇಲೂ ಉಳಿಯುತ್ತೆ."

"ಹಾಗಾದ್ರೆ ಮನೆ ಕಟ್ಟಿಕೊಡಿ."

ಅದು ಬೇರೆ ಇಲಾಖೆಯಂತೆ.

ಬರುವಾಗ ಹೆದ್ದಾರಿ ಪಕ್ಕ ನಿಲ್ಲಿಸಿ, ಆರಿದ ಹಂದಿಮಾಂಸದ ಟೆಂಡರ್ಲಾಯಿನ್ ಸ್ಯಾಂಡ್‌ವಿಚ್ ತಿಂದೆ. ಅರ್ಧ ಬಿಸಾಡಿದೆ.

ಏಪ್ರಿಲ್ ೧, ಸೋಮವಾರ

ಕೌನ್ಸಿಲ್ ಸಭೆ. ಮೊದಲು ಏಪ್ರಿಲ್ ಫೂಲ್ ಎಂದುಕೊಂಡೆ.

ಸಾರ್ವಜನಿಕರು ಮಾತಾಡುವ ಹೊತ್ತಿಗೆ ಆರ್ಡಿತ್ ಎದ್ದು ನಿಂತಳು. ಚರ್ಚಿಗೆ ಹಾಕುವ ನೀಲಿ ಕೋಟು. ಆಚೆದಡದವರೆಲ್ಲ ಸಹಿ ಹಾಕಿದ ಮನವಿ ಓದಿದಳು. ಪೋರ್ಟ್ ವೆಲ್ಡನ್ನಿನಿಂದ ನಮ್ಮನ್ನು ಬಿಟ್ಟುಬಿಡಿ, ಹಾರ್ಮನ್‌ವಿಲ್ಲಿಗೆ ಸೇರುತ್ತೇವೆ ಅಂತ. ಅಲ್ಲಿಗೆ ಐದು ನಿಮಿಷದ ದಾರಿ, ನದಿ ದಾಟಬೇಕಿಲ್ಲ. ಓದುವಾಗ ಒಮ್ಮೆಯೂ ನನ್ನ ಮುಖ ನೋಡಲಿಲ್ಲ.

ರಸ್ ಕೋಪ್ಲ್ ಮೈಕು ಎಳೆದುಕೊಂಡ. ಮೂರು ಸಲ ಗೆದ್ದ ಕೌನ್ಸಿಲರ್, ಊರಿನ ಅರ್ಧ ತಲೆಗಳಿಗೆ ಕ್ಷೌರ ಮಾಡುವವನು. ಅವನ ಕುರ್ಚಿಯಲ್ಲಿ ಕೂತವರು ಅವನ ಮಾತು ಕೇಳದೆ ಎದ್ದುಬರುವ ಹಾಗಿಲ್ಲ.

"ನಾವಿರೋದೇ ಎರಡು ಸಾವಿರದ ನಲವತ್ತು ಜನ. ಅರವತ್ತು ಕಳೀರಿ. ಎರಡು ಸಾವಿರದ ಕೆಳಗೆ ಇಳಿದ್ರೆ ಕೌಂಟಿ ಆಡಳಿತದವರು ನಮ್ಮ ಹೈಸ್ಕೂಲನ್ನ ಹಾರ್ಮನ್‌ವಿಲ್ಲಿಗೆ ಸೇರಿಸ್ತಾರೆ. ನಿಮಗೆ ಹಿಮ ತೆಗೆಯೋಕೆ ಲೇಟಾಯ್ತು ಅಂತ ನಮ್ಮ ಮಕ್ಕಳ ಸ್ಕೂಲ್ ಮುಚ್ಚಬೇಕಾ ಆರ್ಡಿತ್?"

"ನಾವು ಮನುಷ್ಯರಾ ರಸ್, ಇಲ್ಲ ನಿಮ್ಮ ಲೆಕ್ಕ ತುಂಬಿಸೋ ಕಲ್ಲಾ?"

ಯಾರೋ ಚಪ್ಪಾಳೆ ತಟ್ಟಿದರು. ತೀರ್ಮಾನ ಜೂನ್ ತಿಂಗಳಿಗೆ ಮುಂದೂಡಿದೆ.

ಹೊರಗೆ ಕಾರು ನಿಲ್ಲಿಸುವಲ್ಲಿ ಅವಳನ್ನು ಹಿಡಿದೆ. ನನಗೊಂದು ಮಾತು ಹೇಳಬಾರದಿತ್ತೆ?

"ಹೇಳಿದ್ರೆ ಬೇಡ ಅಂತಿದ್ದೆ."

"ನಾನು ಮೇಯರ್ ಆಗಿದ್ದೇ ನಿನಗೆ ಕಣ್ಣು ಚುಚ್ಚುತ್ತೆ."

"ನೀನು ಮೇಯರ್ ಚುನಾವಣೆಗೆ ನಿಂತಾಗ ನಾಲ್ಕೂ ಕಡೆ ನಿನ್ನ ಹೆಸರಿನ ಬೋರ್ಡ್ ನೆಟ್ಟವಳು ನಾನು ನೋಲಾ."

ಹೋದಳು. ಸುತ್ತಿಕೊಂಡು.

ಏಪ್ರಿಲ್ ೧೨

ಹಾರ್ಮನ್‌ವಿಲ್ಲಿನ ಮೇಯರ್ ಒಂದು ಒಪ್ಪಂದ ಕಳಿಸಿದ್ದಾನೆ. ಆಚೆದಡದಲ್ಲಿ ಬೆಂಕಿ ಬಿದ್ದರೆ ಅವರ ಅಗ್ನಿಶಾಮಕ ಗಾಡಿ ನೇರ ಬರುತ್ತದೆ, ಪ್ರತಿ ಸಲ ನಮ್ಮನ್ನು ಕೇಳಬೇಕಿಲ್ಲ. ಸಹಿ ಹಾಕಿದರೆ ಸಾಕು.

ರಸ್ ಓದಿ ನಕ್ಕ. "ಸಹಿ ಹಾಕಿ. ಜೂನ್‌ನಲ್ಲಿ ನಿಮ್ಮ ಅಕ್ಕ ಇದನ್ನೇ ಎತ್ತಿ ತೋರಿಸ್ತಾಳೆ. ನೋಡಿ, ನಮ್ಮ ಬೆಂಕಿ ಆರಿಸೋರೂ ಅವರೇ ಅಂತಾಳೆ."

ಅವನ ಮಾತಿನಲ್ಲಿ ನಿಜವಿತ್ತು, ಅದಕ್ಕೇ ಸಿಟ್ಟು ಬಂತು. ಜೂನ್ ಆಗಲಿ. ಮೇಜಿನ ಖಾನೆಗೆ ಹಾಕಿದೆ.

ಏಪ್ರಿಲ್ ೨೧, ಈಸ್ಟರ್

ಆರ್ಡಿತ್ ಬರಲಿಲ್ಲ. ಹಬ್ಬದ ಹ್ಯಾಮ್ ಅವಳಿಗೂ ಸೇರಿಸಿ ತಂದಿದ್ದೆ. ವರ್ಲಿನ್ ಎರಡು ಸಲ ಬಡಿಸಿಕೊಂಡು ತಿಂದ. ನನ್ನ ಗಂಡನಿಗೆ ಎಂಥ ಜಗಳದಲ್ಲೂ ಹಸಿವು ಕೆಡುವುದಿಲ್ಲ. ಕಾಳಿನ ಗೋದಾಮಿನಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದವನು, ಮಾತಿಗಿಂತ ಗೇರ್ ಹೆಚ್ಚು ಬದಲಿಸುತ್ತಾನೆ.

"ಫೋನ್ ಮಾಡು," ಎಂದ.

"ಅವಳು ಮಾಡಲಿ."

"ಆಲೂಗಡ್ಡೆ ಸಾಲಡ್‌ಗೆ ಉಪ್ಪು ಕಮ್ಮಿ," ಎಂದು ತಟ್ಟೆ ಎಳೆದುಕೊಂಡ.

ಮೇ ೧೧, ಶನಿವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ಮಧ್ಯಾಹ್ನ ಎಮೆಟ್‌ನ ಅಡುಗೆಮನೆಗೆ ಬೆಂಕಿ ಬಿತ್ತು. ನಮ್ಮ ಗಾಡಿ ಕೂಡಲೇ ಹೊರಟಿತು — ಸುತ್ತಿಕೊಂಡು. ನಾನು ಈಚೆ ದಡದಲ್ಲಿ, ಪೀಪಾಯಿಗಳ ಹತ್ತಿರ ನಿಂತಿದ್ದೆ. ನೀರಿನ ಆಚೆ ಹೊಗೆ. ಕೂಗಿದರೆ ಕೇಳುವಷ್ಟು ಹತ್ತಿರ. ಹಾರ್ಮನ್‌ವಿಲ್ಲಿನ ಸೈರನ್ ಕೇಳಿಸಿತು, ಆಮೇಲೆ ನಿಂತುಹೋಯಿತು. ಬಂದು ತಲುಪಿದರು ಎಂದುಕೊಂಡೆ.

ತಲುಪಿರಲಿಲ್ಲ. ಗಡಿಯ ಹತ್ತಿರ ನಿಂತಿದ್ದರು. ಒಪ್ಪಂದ ಇಲ್ಲದೆ ದಾಟುವ ಹಾಗಿಲ್ಲ ಎಂದು ಅವರ ಕಚೇರಿಯಿಂದ ನಮ್ಮ ಕಚೇರಿಗೆ ಫೋನು. ಶನಿವಾರ. ನಮ್ಮ ಕಚೇರಿಯಲ್ಲಿ ಯಾರಿದ್ದಾರೆ? ಕೊನೆಗೆ ಅವರ ಮುಖ್ಯಸ್ಥ ಯಾರನ್ನೂ ಕೇಳದೆ ಗಾಡಿ ನುಗ್ಗಿಸಿದ. ಅಷ್ಟರಲ್ಲಿ ಮಾಡು ಕುಸಿದಿತ್ತು.

ಎಮೆಟ್ ಬದುಕಿದ್ದಾನೆ. ಅವನನ್ನು ಹಿಂದಿನ ಬಾಗಿಲಿನಿಂದ ಎಳೆದು ತಂದವಳು ಆರ್ಡಿತ್. ಬಾಗಿಲ ಹಿಡಿ ಕಾದಿತ್ತು. ಅವಳ ಬಲಗೈ...

ಕಚೇರಿಗೆ ಹೋಗಿ ಬೀಗ ತೆಗೆದು, ಆ ಒಪ್ಪಂದಕ್ಕೆ ಸಹಿ ಹಾಕಿದೆ. ಯಾರಿಗೆ ಬೇಕು ಈಗ.

ಮೇ ೧೩

ಹಾರ್ಮನ್‌ವಿಲ್ ಆಸ್ಪತ್ರೆ. ಆರ್ಡಿತ್‌ಳ ಕೈ ಮೊಣಕೈವರೆಗೆ ಬಿಳಿ ಬಟ್ಟೆಯಲ್ಲಿ. ಬೈಯುತ್ತಾಳೆ ಎಂದು ಸಿದ್ಧಳಾಗಿ ಹೋಗಿದ್ದೆ. ಬೈಯಲಿಲ್ಲ. ಕಿಟಕಿ ಕಡೆ ನೋಡುತ್ತಾ ಹೇಳಿದಳು.

"ಅವರ ಗಾಡಿ ನನ್ನ ಅಂಗಳದಿಂದ ಕಾಣ್ತಿತ್ತು ನೋಲಾ. ಕೆಂಪು ದೀಪ ತಿರುಗ್ತಾನೇ ಇತ್ತು. ಗಾಡಿ ಮಾತ್ರ ನಿಂತಿತ್ತು. ನಾನು ಕೈ ಬೀಸಿದೆ. ಒಳಗಿದ್ದ ಹುಡುಗರೂ ಕೈ ಬೀಸಿದ್ರು. ಪಾಪ, ಅವರೇನು ಮಾಡ್ತಾರೆ."

"ಆ ಕಾಗದ ನನ್ನ ಹತ್ರ ಇತ್ತು. ನಾನೇ ಇಟ್ಕೊಂಡಿದ್ದೆ."

"ಗೊತ್ತು. ಊರಿಗೆಲ್ಲ ಗೊತ್ತು."

ಅಷ್ಟೇ. ನರ್ಸ್ ಬಂದಳು.

ಎಮೆಟ್ ಎರಡು ಕೋಣೆ ಆಚೆ. ನನ್ನನ್ನು ನೋಡಿ ನಕ್ಕ. "ಎರಡನೇ ಕ್ಲಾಸಲ್ಲಿ ನನ್ನ ಬಸ್ಸಲ್ಲಿ ವಾಂತಿ ಮಾಡ್ಕೊಂಡಿದ್ದೆಯಲ್ಲ, ಅವತ್ತೂ ಇದೇ ಮುಖ. ಬಿಡು ಮಗಳೇ, ಒರೆಸಿದ್ರೆ ಹೋಗುತ್ತೆ." ಟೆನೆಸ್ಸಿಯಲ್ಲಿರುವ ಮಗಳ ಮನೆಗೆ ಹೋಗುತ್ತಾನಂತೆ. ಮತ್ತೆ ಬರುವುದಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಇಬ್ಬರೂ.

ಜೂನ್ ೩, ಸೋಮವಾರ

ಸಭೆ. ಒಬ್ಬ ಸದಸ್ಯ ಗೈರು. ಆಚೆದಡದವರನ್ನು ಬಿಡೋಣ ಎಂದು ಇಬ್ಬರು, ಬೇಡ ಎಂದು ಇಬ್ಬರು. ಸಮ ಬಂದರೆ ಮೇಯರ್ ಮತವೇ ಕೊನೆಯದು; ಎಲ್ಲರೂ ನನ್ನ ಕಡೆ ತಿರುಗಿದರು. ಆರ್ಡಿತ್ ಹಿಂದಿನ ಸಾಲಿನಲ್ಲಿ, ಬಟ್ಟೆ ಸುತ್ತಿದ ಬಲಗೈ ತೂರದೆ ಕೋಟಿನ ಒಂದು ತೋಳು ಖಾಲಿ ಜೋತಾಡುತ್ತಿತ್ತು.

ಹೈಸ್ಕೂಲು ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳು. ನಾನು ಓದಿದ ಶಾಲೆ, ನನ್ನ ಮಗ ಓದಿದ ಶಾಲೆ. ಅದೂ ನೆನಪಾಯಿತು, ಆ ನಿಂತ ಗಾಡಿಯೂ ನೆನಪಾಯಿತು. ಯಾವುದು ದೊಡ್ಡದು ಎಂದು ತೂಗುವಷ್ಟು ಬುದ್ಧಿವಂತೆ ನಾನಲ್ಲ. ಬಿಡೋಣ ಎಂದೆ.

ರಸ್ ಕಾಗದ ಜೋಡಿಸಿಕೊಳ್ಳುತ್ತಾ ಹೇಳಿದ, "ಹೈಸ್ಕೂಲ್ ಮುಚ್ಚಿಸಿದ ಮೇಯರ್. ಹಾಗೇ ನೆನೀತಾರೆ ನಿಮ್ಮನ್ನ."

"ನೆನೀಲಿ ರಸ್. ಮರೆಯೋದಕ್ಕಿಂತ ವಾಸಿ."

ಆರ್ಡಿತ್ ಮಾತಾಡಿಸದೆ ಹೋದಳು.

ಜೂನ್ ೮

ದಿನಸಿ ಅಂಗಡಿಯಲ್ಲಿ ನನ್ನ ಹಿಂದೆ ನಿಂತವಳು ಸಾಲು ಬದಲಿಸಿದಳು. ಅವಳ ಇಬ್ಬರು ಹುಡುಗರೂ ನಮ್ಮ ಹೈಸ್ಕೂಲಿನ ಬ್ಯಾಂಡಿನಲ್ಲಿ ಬಾರಿಸುವವರು. ಅವಳದೇನು ತಪ್ಪು.

ಜೂನ್ ೨೦

ಇದನ್ನು ನಂಬಬೇಕಾದರೆ ನಮ್ಮ ಕಡೆಯವರೇ ಆಗಿರಬೇಕು. ಹಾರ್ಮನ್‌ವಿಲ್ಲಿನ ಕೌನ್ಸಿಲ್ ಅವರನ್ನು ಸೇರಿಸಿಕೊಳ್ಳುವುದನ್ನು ಮುಂದಿನ ವರ್ಷಕ್ಕೆ ಮುಂದೂಡಿದೆ. ಅಷ್ಟು ಜನಕ್ಕೆ ಹೊಸ ನೀರಿನ ಪೈಪು ದುಬಾರಿಯಂತೆ. ಬೆಂಕಿ ಬಿದ್ದರೆ ಮಾತ್ರ ಬರುತ್ತಾರಂತೆ. ಅದಾದರೂ ಉಳಿಯಿತು. ಇಲ್ಲಿಂದ ಬಿಟ್ಟಾಯಿತು, ಅಲ್ಲಿಗೆ ಸೇರಲಿಲ್ಲ.

ಸಂಜೆ ಆರ್ಡಿತ್ ಫೋನ್. ಸಭೆಯ ನಂತರ ಮೊದಲ ಸಲ.

"ಈಗ ನಾವು ಯಾವ ಊರಿನವರೂ ಅಲ್ಲ."

"ಕೇಳಿದೆ."

"ರಸ್ತೆ ಬದಿಯ ಹುಲ್ಲು ಸೊಂಟಕ್ಕೆ ಬಂದಿದೆ. ತಿರುವಲ್ಲಿ ಎದುರು ಬರೋ ಕಾರು ಕಾಣ್ಸಲ್ಲ. ಯಾರನ್ನ ಕೇಳಬೇಕು ಅಂತಾದ್ರೂ ಹೇಳು."

"ಊರಿನ ಹುಲ್ಲು ಕತ್ತರಿಸೋ ಯಂತ್ರ ಕಳಿಸೋ ಹಾಗಿಲ್ಲ ಆರ್ಡಿತ್. ನೀವು ಈಗ..."

"ಯಂತ್ರ ಕೇಳಿದ್ನಾ ನಾನು? ಯಾರನ್ನ ಕೇಳಬೇಕು ಅಂದೆ."

ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಹತ್ತು ವರ್ಷ ಈ ಕುರ್ಚಿಯಲ್ಲಿ ಕೂತಿದ್ದೇನೆ.

ಜುಲೈ ೬, ಶನಿವಾರ

ಟ್ರಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಈ ಡೈರಿ ಕೈಚೀಲದಲ್ಲೇ ಇತ್ತು.

ಬೆಳಿಗ್ಗೆ ವರ್ಲಿನ್ ನಮ್ಮ ಮನೆಯ ಹುಲ್ಲು ಕತ್ತರಿಸುವ ಯಂತ್ರವನ್ನು ಹಿಂದೆ ಏರಿಸಿ, "ಬರ್ತೀಯಾ?" ಎಂದ. ಎಲ್ಲಿಗೆ ಎಂದು ಕೇಳಲಿಲ್ಲ. ಹಾರ್ಮನ್‌ವಿಲ್ಲಿನ ಸೇತುವೆಯ ಮೇಲೆ ನನಗೆ ಮತ್ತೆ ಸಿಟ್ಟು ಬಂತು — ಅಷ್ಟು ಗಟ್ಟಿ ಸೇತುವೆ, ಎರಡೂ ಕಡೆ ದೀಪ.

ತಿರುವಿನಲ್ಲಿ ಯಂತ್ರ ಇಳಿಸಿದೆವು. ಎಂಜಿನ್ನಿನ ಹಗ್ಗ ಎಳೆದೆ, ಹೊತ್ತಿಕೊಳ್ಳಲಿಲ್ಲ. ಮತ್ತೆ ಎಳೆದೆ. ಆರ್ಡಿತ್ ಜಗಲಿಯಿಂದ ನೋಡುತ್ತಿದ್ದಳು. ಕೊನೆಗೆ ಮೆಟ್ಟಿಲಿಳಿದು ಬಂದಳು. ಬಲಗೈಯ ಚರ್ಮ ಹೊಸದು, ಗುಲಾಬಿ, ಬಿಗಿ.

"ಚೋಕ್ ಎಳೆದಿದ್ದೀಯಾ?"

"ಎಳೆದೇ ಇದ್ದೀನಿ."

"ಎಳೆದಿಲ್ಲ. ಸರಕೊ."

ಎಳೆದಿರಲಿಲ್ಲ. ಎಡಗೈಯಲ್ಲಿ ಅದನ್ನು ಎಳೆದು, ಹಗ್ಗದ ಹಿಡಿಯನ್ನು ನನ್ನ ಕೈಗೆ ಕೊಟ್ಟಳು. ಹೊತ್ತಿಕೊಂಡಿತು. ವರ್ಲಿನ್ ಯಂತ್ರ ತೆಗೆದುಕೊಂಡು ಹೋದ.

ಈಗ ತಿರುವು ಅರ್ಧ ಬೋಳಾಗಿದೆ. ಎಮೆಟ್‌ನ ಜಾಗದಲ್ಲಿ ಚಿಮಣಿ ಮಾತ್ರ ನಿಂತಿದೆ, ಅದರ ಸುತ್ತಲೂ ಹುಲ್ಲು ಎದ್ದಿದೆ. ಅದನ್ನು ಕತ್ತರಿಸು ಎಂದು ವರ್ಲಿನ್‌ಗೆ ಹೇಳಬೇಕು. ಶಾಲೆಯ ವಿಷಯಕ್ಕೆ ಸೋಮವಾರ ಕೌಂಟಿ ಕಚೇರಿಗೆ ಹೋಗಬೇಕು, ಕೂಗಾಡಿಯಾದರೂ...

ಆರ್ಡಿತ್ ಒಳಗಿನಿಂದ ಬರುತ್ತಿದ್ದಾಳೆ. ತಟ್ಟೆಯಲ್ಲಿ ಎರಡು ಲೋಟ. ಇಲ್ಲ, ಮೂರು. ಒಂದೇ ಕೈಯಲ್ಲಿ ಹಿಡಿದಿದ್ದಾಳೆ, ಓರೆಯಾಗುತ್ತಿದೆ, ಚೆಲ್ಲುತ್ತದೆ ಈಗ —