ಬಲಗೈಯ ಗೊರಡು

ಮಂಗಳವಾರ, ಹದಿನಾಲ್ಕು. ರಾತ್ರಿ.

ಕೊನೆಗೂ ಮರ ಹೆರೆಯುವ ಗೊರಡು ತಂದೆ. ಅಣ್ಣ ದೂರದ ಕಾರ್ಖಾನೆಗೆ ಕೆಲಸಕ್ಕೆ ಹೋಗುವಾಗ ತನ್ನದನ್ನು ಒಯ್ದ ಮೇಲೆ, ಫೋಟೊ ಚೌಕಟ್ಟಿನ ಮೂಲೆ ಒಂದೂ ಸರಿಯಾಗಿ ಕೂಡುತ್ತಿರಲಿಲ್ಲ. ಪಟ್ಟಿಯ ತುದಿ ಹೆರೆಯಲು ಅವನು ಮಾಡಿದ ಮಣೆ ಮಾತ್ರ ಇಲ್ಲೇ ಇದೆ. ಅದರ ಮೇಲೆ ಗೊರಡನ್ನು ಮಗ್ಗುಲಿಗೆ ಮಲಗಿಸಿ ತಳ್ಳಬೇಕು.

ಅಂಗಡಿಯಲ್ಲಿ, "ನಮಗೊಂದು ಉಜ್ಜುಗೊರಡು ಬೇಕು" ಅಂದೆ.

"ತಳ್ಳೋರು ಯಾರಮ್ಮ? ಎಡಗೈಯವರೋ, ಬಲಗೈಯವರೋ?"

ಅಣ್ಣ ಎಡಚ. ಮಣೆಯೂ ಎಡಗೈಯದೇ. ಬಾಯಿಗೆ ಬಂದ 'ಎಡಗೈ'ಯನ್ನು ನುಂಗಿಕೊಂಡು, "ನಾನೇ. ಬಲಗೈ" ಅಂದೆ.

ಅಂಗಡಿಯವನು ಎರಡು ಗೊರಡು, ಒಂದು ಮರದ ತುಂಡು ಮುಂದಿಟ್ಟ. ಹಗುರದ್ದು ಕೈಗೆ ಹಿತವಾಗಿತ್ತು, ಆದರೆ ಮರದ ತುದಿಗೆ ತಾಗಿದೊಡನೆ ಎಗರಿತು. ಭಾರದ್ದು ತನ್ನ ತೂಕದಿಂದಲೇ ಸಾಗಿತು. ಹೆರೆದ ತುದಿಗೆ ಮೂಲೆಮಟ್ಟ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ಸಂದಿಲ್ಲ. ಅದನ್ನೇ ತೆಗೆದುಕೊಂಡೆ.

ಸಂಜೆ ಅಣ್ಣನಿಗೆ ಫೋನು ಮಾಡಿದೆ.

"ಭಾರದ್ದು ತಗೊಂಡ್ಯೇನೇ? ಒಳ್ಳೇದಾಯ್ತು ಬಿಡು. ಮಣೆಗೆ ಹೊಂದುತ್ತಾ?"

"ಮಣೆ ನಿನ್ನ ಎಡಗೈಯದು, ನಂಗಾಗಲ್ಲ. ಇರ್ಲಿ, ನೀನು ಬಂದಾಗ ಬೇಕಾಗುತ್ತಲ್ಲ."

ಅವನ ಹಿಂದೆ ಯಾರೋ ಜೋರಾಗಿ ನಗುತ್ತಿದ್ದರು.

"ಮಣೆ ಅಡ್ಡಪಟ್ಟಿ ಬಿಚ್ಚಿ ನಿನ್ನ ಕೈಗೆ ತಿರುಗಿಸ್ಕೊಳೇ. ನಂಗೋಸ್ಕರ ಇಟ್ಕೋಬೇಡ."

ಬರುವುದಿಲ್ಲ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಉಂಡ ಮೇಲೆ ಬಿಚ್ಚಲು ಕೂತೆ. ಒಂದು ಸ್ಕ್ರೂ ಕಳಚಿತು, ಅಡ್ಡಪಟ್ಟಿ ಪಕ್ಕಕ್ಕೆ ಸರಿಯಿತು. ಅದರ ಕೆಳಗಿನ ಮರ ಇನ್ನೂ ಹೊಸದರಂತೆ ಬೆಳ್ಳಗಿದೆ. ಉಳಿದದ್ದೆಲ್ಲ ಅವನ ಅಂಗೈ ಉಜ್ಜಿ ಕಪ್ಪಾಗಿದೆ. ಇನ್ನೊಂದು ಸ್ಕ್ರೂ ಬಿಗಿಯಾಗಿದೆ ಎಂದು ಬಿಟ್ಟು ಎದ್ದೆ. ನಿಜ ಹೇಳಬೇಕೆಂದರೆ, ಅದು ಅಷ್ಟೇನೂ ಬಿಗಿಯಾಗಿರಲಿಲ್ಲ.