ಯುಗಾದಿಯ ಮರುವಾರ ಆಫೀಸಿಗೆ ಹೋದ ನಾಲ್ಕು ದಿನ

ದೊಡ್ಡಬಳ್ಳಾಪುರ
ಬುಧವಾರ, ೯ ಫೆಬ್ರವರಿ ೨೦೨೨

ಪ್ರೀತಿಯ ಮಮತಕ್ಕನಿಗೆ,

ಮಾನಸಳ ನಮಸ್ಕಾರ. ಹೇಗಿದ್ದೀರಿ ಅಕ್ಕ? ಲಕ್ವ ಹೊಡೆದ ನಿಮ್ಮ ಅತ್ತೆಯವರ ಬಲಗೈಗೆ ಸ್ವಲ್ಪವಾದರೂ ಸ್ವಾಧೀನ ಬಂತೇ? ಅವರನ್ನು ಒಬ್ಬರೇ ಎತ್ತಿ ಕೂರಿಸುತ್ತೀರಿ, ನಿಮ್ಮ ಸೊಂಟದ ಮೇಲೂ ಗಮನ ಇರಲಿ. ಇಲ್ಲಿ ನಿಮ್ಮ ಅಮ್ಮನ ಸಕ್ಕರೆ ಹತೋಟಿಯಲ್ಲಿದೆ. ಕಳೆದ ತಿಂಗಳ ಕೊರೊನಾ ಅಲೆಯಲ್ಲಿ ಎಲ್ಲರಿಗೂ ಎರಡು ದಿನ ಮೈಕೈ ನೋವು ಬಂದು ಹೋಯಿತು, ಹೆದರುವಂಥದ್ದೇನೂ ಆಗಲಿಲ್ಲ. ಫೋನ್ ಇರುವಾಗ ಇವಳೇಕೆ ಪತ್ರ ಬರೆದಳು ಎಂದುಕೊಳ್ಳುತ್ತೀರಿ. ನೀವು ಹುಟ್ಟಿ ಬೆಳೆದ ಮನೆ, ನಿಮಗೆ ಗೊತ್ತೇ ಇದೆ. ನಾಲ್ಕು ಮಗ್ಗ ಓಡುತ್ತಿರುವಾಗ ಫೋನಿನಲ್ಲಿ ಕೂಗಿಯೇ ಮಾತಾಡಬೇಕು. ಇದು ಕೂಗಿ ಹೇಳುವ ಮಾತಲ್ಲ.

ನಮ್ಮ ಆಫೀಸಿನಿಂದ ಮೇಲ್ ಬಂದಿದೆ. ಬರುವ ಸೋಮವಾರದಿಂದ ವಾರಕ್ಕೆ ಐದು ದಿನವೂ ಬೆಂಗಳೂರಿಗೆ ಹೋಗಬೇಕು. ಬೆಳಗಿನ ರೈಲಿನಲ್ಲಿ ಯಶವಂತಪುರ, ಅಲ್ಲಿಂದ ಬಸ್ಸು, ವಾಪಸು ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಮನೆಯಲ್ಲಿ ಹೇಳಿದಾಗ ಅತ್ತೆ ಹುಣಸೆಹಣ್ಣು ಕಿವುಚುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ, "ಇನ್ಯಾರು ಬೇಕಂತಮ್ಮ ಅವರಿಗೆ?" ಎಂದರು. ಸಿಟ್ಟು ಆಫೀಸಿನವರ ಮೇಲೆ, ನನ್ನ ಮೇಲಲ್ಲ. ಅದೇ ನನಗೆ ತಡೆಯಲಾಗುವುದಿಲ್ಲ. ಆಮೇಲೆ ನಾನು ಅಟ್ಟದ ಮೇಲಿದ್ದ ಆಫೀಸಿನ ಬ್ಯಾಗ್ ಇಳಿಸಿ ಧೂಳು ಕೊಡವುತ್ತಿದ್ದೆ. ಚಂದನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆರು ವರ್ಷದ ಮಗು ಅಕ್ಕ, "ಅಮ್ಮ, ಈ ಸಲ ಯಾರು ಸಾಯ್ತಾರೆ?" ಎಂದು ಕೇಳಿದಳು. ಊಟಕ್ಕೇನು ಎಂದು ಕೇಳುವ ಹಾಗೆಯೇ ಕೇಳಿದಳು.

ನಿಮ್ಮ ಅಪ್ಪನ ಬಗ್ಗೆ ನಿಮಗೆ ತಿಳಿಯದ ಒಂದು ಸಂಗತಿ ಹೇಳುತ್ತೇನೆ. ಮೊದಲ ಲಾಕ್‌ಡೌನ್‌ನಲ್ಲಿ ನಾನು ಮನೆಯಿಂದ ಕೆಲಸ ಶುರುಮಾಡಿದಾಗ, ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ಮಾನಸ, ಏನ್ರೀ ಅದು ಸೌಂಡು, ರೈಲ್ವೆ ಸ್ಟೇಷನ್ನಲ್ಲಿದ್ದೀರಾ?" ಎಂದು ಎಲ್ಲರೂ ನಗುತ್ತಿದ್ದರು. ಒಂದು ದಿನ ಮಾವ ಅದನ್ನು ಕೇಳಿಸಿಕೊಂಡರು. ಮಾರನೆಯ ದಿನದಿಂದ ನಾನು ಕಿವಿಗೆ ಹೆಡ್‌ಫೋನ್ ಹಾಕಿದ್ದು ಕಂಡರೆ ಎದ್ದು ಹೋಗಿ ನಾಲ್ಕೂ ಮಗ್ಗಗಳ ಸ್ವಿಚ್ ಆರಿಸುತ್ತಿದ್ದರು. ಬೇಡ ಮಾವ ಎಂದರೆ, "ಸೀರೆ ಎಲ್ಲಿ ಓಡೋಗ್ತೈತೆ? ನೀನು ಮಾತಾಡಮ್ಮ" ಎನ್ನುತ್ತಿದ್ದರು. ಒಂದು ವರ್ಷ ಹಾಗೆ ನಡೆಸಿದರು. ಈಗಲೂ ಕರೆಂಟು ಹೋಗಿ ಮಗ್ಗಗಳು ಒಮ್ಮೆಲೇ ನಿಂತರೆ ಅವರು ಗೋಡೆಯ ಹತ್ತಿರ ನಿಂತು, ಮಾತಾಡಮ್ಮ ಎಂದು ಕಾಯುತ್ತಿದ್ದಾರೆ ಎನಿಸುತ್ತದೆ. ತಿರುಗಿ ನೋಡುತ್ತೇನೆ. ಪ್ರತಿ ಸಲವೂ ನೋಡುತ್ತೇನೆ.

ಮುಂದಿನದು ನಿಮಗೆ ಗೊತ್ತು. ಹೋದ ವರ್ಷ ಯುಗಾದಿಯ ಮರುವಾರ ನಾಲ್ಕು ದಿನ ಆಫೀಸಿಗೆ ಹೋಗಿ ಬಂದೆ. ಐದನೆಯ ದಿನ ನನಗೆ ಜ್ವರ, ಎಂಟನೆಯ ದಿನ ಮಾವನಿಗೆ. ನಾನು ಎದ್ದೆ, ಅವರು ಏಳಲಿಲ್ಲ. ನಿಮ್ಮ ತಮ್ಮ ಅವರನ್ನು ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಹಾಸಿಗೆಗಾಗಿ ಆರು ಆಸ್ಪತ್ರೆ ಸುತ್ತಿದರು. ಆಂಧ್ರದ ಧರ್ಮಾವರದಿಂದ ಗಡಿ ದಾಟಲಾಗದೆ ನೀವು ಅಪ್ಪನ ಮುಖವನ್ನು ಫೋನಿನಲ್ಲೇ ನೋಡಿದಿರಿ. ಅವತ್ತು ನೀವು ಅಳುತ್ತಲೇ ನನಗೆ ಹೇಳಿದಿರಿ, "ಅವರು ಕರೆದ್ರು, ನೀನು ಹೋದೆ. ನಿನ್ನ ತಪ್ಪೇನೈತೆ ಮಾನಸ?" ಅಪ್ಪನನ್ನು ಕಳೆದುಕೊಂಡವರು ನನ್ನನ್ನು ಸಮಾಧಾನ ಮಾಡಿದಿರಿ.

ಈಗ ನಿಮ್ಮ ತಮ್ಮ ಸೋಮವಾರ ನನ್ನ ಜೊತೆ ಆಫೀಸಿಗೆ ಬರುತ್ತಾರಂತೆ. ಮ್ಯಾನೇಜರನ್ನು ಎದುರಿಗೆ ನಿಲ್ಲಿಸಿಕೊಂಡು ಒಂದೇ ಮಾತು ಕೇಳುತ್ತಾರಂತೆ: "ಊರೆಲ್ಲ ಸಾಯ್ತಿದ್ದಾಗ ನನ್ನ ಹೆಂಡತೀನ ಯಾಕ್ರೀ ಕರೆಸಿದ್ರಿ?" ಹತ್ತು ತಿಂಗಳಿಂದ ಈ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಗ್ಗ ಓಡಿಸಿದ್ದಾರೆ. ಬೇಡವೆಂದರೆ ಕೇಳುತ್ತಿಲ್ಲ. ಅಕ್ಕ ನೀವು ಫೋನ್ ಮಾಡಿ ಹೇಗಾದರೂ ತಡೆಯಿರಿ. ನೀವು ಹೇಳಿದರೆ ಕೇಳುತ್ತಾರೆ. ನನ್ನ ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ಹೇಳಿ.

ಭಾವನಿಗೆ ನಮಸ್ಕಾರ, ನಿಮ್ಮ ಅತ್ತೆಯವರಿಗೆ ಬೇಗ ವಾಸಿಯಾಗಲಿ. ಚಂದನ ನಿಮಗೊಂದು ಮುತ್ತು ಕಳಿಸಿದ್ದಾಳೆ.

ನಿಮ್ಮ ತಮ್ಮನ ಹೆಂಡತಿ,
ಮಾನಸ

ಮ.ಬ: ಸೋಮವಾರ ಮಧ್ಯಾಹ್ನ, ಆಫೀಸಿನಿಂದ. ಪತ್ರವನ್ನು ಅವತ್ತೇ ಅಂಚೆಗೆ ಹಾಕಬೇಕಿತ್ತು, ಹಾಕಲಿಲ್ಲ. ಅಕ್ಕ, ಹೋದ ವರ್ಷ ಆ ವಾರ ಆಫೀಸಿನವರು ನನ್ನನ್ನು ಕರೆದಿರಲಿಲ್ಲ. ಮನೆಯಿಂದಲೇ ಮಾಡಿ, ಬರುವವರು ಬರಬಹುದು ಎಂದಿದ್ದರು. ಕರೆದಿದ್ದಾರೆ, ಹೋಗಲೇಬೇಕು ಎಂದು ಮನೆಯಲ್ಲಿ ಸುಳ್ಳು ಹೇಳಿ ನಾನೇ ಹೋದೆ. ಮಾವ ನನಗಾಗಿ ಮಗ್ಗ ನಿಲ್ಲಿಸುವುದನ್ನು ನೋಡಲಾರದೆ ಹೋದೆ ಎಂದು ಇಷ್ಟು ದಿನ ಮನಸ್ಸಿಗೆ ಹೇಳಿಕೊಂಡೆ. ಅದು ಅರ್ಧ ನಿಜ. ಸದ್ದಿಲ್ಲದ ಕಡೆ ಒಬ್ಬಳೇ ಕೂತು ಒಂದು ಲೋಟ ಕಾಫಿ ಕುಡಿಯಬೇಕು ಅನಿಸಿತ್ತು, ಅಷ್ಟೇ. ಇವತ್ತು ನಿಮ್ಮ ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾವನ ಮರಣ ಪ್ರಮಾಣಪತ್ರದ ಜೆರಾಕ್ಸ್ ಜೇಬಿನಲ್ಲಿಟ್ಟುಕೊಂಡು ಹೊರಟರು. ಪ್ಲಾಟ್‌ಫಾರ್ಮಿನಲ್ಲಿ ಹೇಳಿಬಿಟ್ಟೆ. ಬೈಯಲಿಲ್ಲ. ಹಳಿಯನ್ನೇ ನೋಡುತ್ತಾ, "ಅಪ್ಪಂಗೆ ಗೊತ್ತಿತ್ತಾ?" ಎಂದರು. ಆಫೀಸಿಗೆ ಹೋದ ಎರಡನೆಯ ದಿನ ಸಂಜೆ ಮಾವ, ಆಫೀಸಲ್ಲಿ ಎಷ್ಟು ಜನ ಬಂದಿದ್ರು ಎಂದು ಕೇಳಿದ್ದರು. ಮೂರೇ ಜನ ಎಂದೆ. ನಕ್ಕು, "ಸದ್ದಿಲ್ದೆ ಚೆನ್ನಾಗಿತ್ತೇನಮ್ಮಾ?" ಎಂದಿದ್ದರು. ಇದನ್ನೂ ನಿಮ್ಮ ತಮ್ಮನಿಗೆ ಹೇಳಿದೆ. "ಟ್ರೈನ್ ಬಂತು, ಹತ್ತು" ಎಂದರು. ನಾನು ಹತ್ತಿದೆ, ಅವರು ಹತ್ತಲಿಲ್ಲ. ಅತ್ತೆಗೆ ಅವರು ಹೇಳಲಾರರು, ನಾನೇ ಹೇಳಬೇಕು. ನಿಮ್ಮ ಅತ್ತೆಯನ್ನು ಯಾರಿಗಾದರೂ ಒಪ್ಪಿಸಿ ಒಂದು ದಿನಕ್ಕಾದರೂ ಬನ್ನಿ. ನನ್ನ ಪರ ಮಾತಾಡಲು ಅಲ್ಲ. ನಿಮ್ಮ ಅಮ್ಮ ಇದನ್ನು ಕೇಳುವಾಗ ಪಕ್ಕದಲ್ಲಿ ಅವರ ಮಗಳು ಕೂತಿರಬೇಕು.